ಹಿಟ್ಟು ಉಬ್ಬಿದ ಭಾನುವಾರ

ದೆಹಲಿಯ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ ಸಿಕ್ಕಾಗ ನಮ್ಮ ಮಾವನವರು ಪಾಸ್‌ಪೋರ್ಟ್ ಒಂದನ್ನು ಬಿಟ್ಟು ವಿದೇಶಯಾತ್ರೆಯ ಸಕಲ ಸಿದ್ಧತೆಯನ್ನೂ ಮಾಡಿದರು. ಉಪ್ಪಿನಕಾಯಿ ಭರಣಿ, ಇಡ್ಲಿ ಪಾತ್ರೆ, ತುರಿಮಣೆ, ಐದು ತಿಂಗಳ ಮಗಳಿಗೆ ಮೂರು ಕುಲಾವಿ. ರೈಲಿನಲ್ಲಿ ಮಗು ದಾರಿಯುದ್ದಕ್ಕೂ ಅತ್ತಿತು. ಎದುರು ಸೀಟಿನವರ ಕ್ಷಮೆ ಕೇಳುತ್ತ ಕೇಳುತ್ತ ನನ್ನ ಹಿಂದಿ ಸುಧಾರಿಸಿತು.

ಆರ್.ಕೆ.ಪುರಂನ ಎರಡು ಕೋಣೆಗಳ ಕ್ವಾರ್ಟರ್ಸಿಗೆ ಜನವರಿಯ ಮಂಜಿನಲ್ಲಿ ಬಂದು ಸೇರಿದೆವು. ಮೇಲಿನ ಮನೆಯ ಪಂಜಾಬಿ ಆಂಟಿ ಮೊದಲ ದಿನವೇ ಚಹಾದ ಜೊತೆ ಒಂದು ಹಳೆಯ ಅಂಗೀಠಿಯನ್ನು, ಅಂದರೆ ಕಬ್ಬಿಣದ ಇದ್ದಿಲೊಲೆಯನ್ನು, ತಂದುಕೊಟ್ಟರು. "ಖಿಡಕಿ ಥೋಡೀ ಖುಲೀ ರಖ್ನಾ ಬೇಟಾ," ಎಂದು ಬೆರಳು ತೋರಿಸಿ ಹೇಳಿದರು. ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿಡಬೇಕಂತೆ.

ಅವರು ಹೋದ ಮೇಲೆ ಹೆಂಡತಿಗೆ ಹೇಳಿದೆ: "ಬೆಂಕಿನೂ ಹಾಕ್ಬೇಕಂತೆ, ಕಿಟಕಿನೂ ತೆಗೀಬೇಕಂತೆ. ಫ್ಯಾನ್ ಹಾಕ್ಕೊಂಡು ಕಂಬಳಿ ಹೊದ್ಕೊಂಡ ಹಾಗೆ."

"ಪಾಪ, ಏನೋ ಹೇಳ್ತಾರೆ ಬಿಡಿ," ಅಂದಳು.

ಎರಡನೆಯ ವಾರ ಆಂಟಿ, ಅಂಕಲ್ಲರನ್ನು ಭಾನುವಾರ ಮಧ್ಯಾಹ್ನ ಇಡ್ಲಿಗೆ ಕರೆದೆವು. ಶನಿವಾರ ಬೆಳಿಗ್ಗೆಯೇ ರುಬ್ಬಿಟ್ಟ ಹಿಟ್ಟು ಭಾನುವಾರ ಬೆಳಿಗ್ಗೆಯೂ ಹಾಗೇ ತಣ್ಣಗೆ ಕೂತಿತ್ತು, ಒಂದು ಗುಳ್ಳೆಯಿಲ್ಲ. ಹೆಂಡತಿಯ ಮುಖವೂ ಹಿಟ್ಟಿನ ಹಾಗೆಯೇ ಇತ್ತು. ಹುದುಗಲು ಶಾಖ ಬೇಕು ಎಂಬುದು ನನ್ನ ವಿದ್ಯಾಭ್ಯಾಸಕ್ಕೆ ತಕ್ಷಣ ಹೊಳೆಯಿತು. ಚಿಕ್ಕ ಕೋಣೆಯಲ್ಲಿ ಅಂಗೀಠಿ ಹಚ್ಚಿದೆ. ಪಕ್ಕದಲ್ಲಿ ಹಿಟ್ಟಿನ ಪಾತ್ರೆ ಇಟ್ಟೆ. ಕಿಟಕಿಯ ಸಂದಿಗಳಿಗೆ ಹಳೆಯ ಪೇಪರ್ ತುರುಕಿದೆ. ನೀಟಾಗಿ ಮಾಡಿದೆ, ಯಾವ ಕೆಲಸವನ್ನಾದರೂ ನೀಟಾಗಿ ಮಾಡುವ ಅಭ್ಯಾಸ ನನ್ನದು.

ಹತ್ತೂವರೆಗೆ ಹೆಂಡತಿ ಮಗುವಿಗೆ ಹಾಲು ಕುಡಿಸಲು ಅದೇ ಕೋಣೆಗೆ ಹೋದಳು. "ಅಬ್ಬಾ, ಊರಿಗೆ ಬಂದ ಹಾಗಿದೆ," ಅಂದಳು. ಬಾಗಿಲು ಎಳೆದುಕೊಂಡೆ. ಶಾಖ ಸೋರದಿರಲೆಂದು ಬಾಗಿಲ ಕೆಳಗಿನ ಸಂದಿಗೆ ಟವೆಲ್ ಒತ್ತಿದವನೂ ನಾನೇ. ಆಮೇಲೆ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತ ಕೂತೆ. ಮನೆ ನಿಶ್ಶಬ್ದವಾಗಿತ್ತು. ದೆಹಲಿಗೆ ಬಂದ ಮೇಲೆ ಮೊದಲ ಬಾರಿಗೆ ಮಗು ಇಷ್ಟು ಹೊತ್ತು ಅಳದೆ ಇದೆಯಲ್ಲ, ಅಂತೂ ನಾವು ಇಲ್ಲಿ ನೆಲೆಯೂರಿದೆವು ಎಂದುಕೊಂಡೆ.

ಹನ್ನೊಂದೂವರೆಗೆ ಆಂಟಿ ಎರಡು ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದರು. ನಮ್ಮಲ್ಲಿ ಕುರ್ಚಿಗಳಿಲ್ಲವೆಂದು ಅವರಿಗೆ ಗೊತ್ತಿತ್ತು.

"ಬಹೂ ಕಹಾಂ ಹೈ?"

ಒಳಗೆ ಮಲಗಿದ್ದಾಳೆ, ಅಂಗೀಠಿ ಇಟ್ಟಿದ್ದೇನೆ, ಬೆಚ್ಚಗಿದೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಆಂಟಿ ನೆಲದ ಮೇಲಿನ ಟವೆಲ್ ನೋಡಿದರು. ಕುರ್ಚಿಗಳು ಅವರ ಕೈಯಿಂದ ಬಿದ್ದವು.

"ಪಾಗಲ್ ಹೋ ಕ್ಯಾ!"

ಬಾಗಿಲು ದೂಡಿ ಒಳಗೆ ನುಗ್ಗಿದರು. ಕಿಟಕಿಯ ಪೇಪರನ್ನು ಕಿತ್ತರು. ಹೆಂಡತಿಯ ಕಣ್ಣುಗಳು ತೆರೆದೇ ಇದ್ದವು, ಆದರೆ ಎದ್ದು ನಿಲ್ಲಲು ಅವಳಿಂದ ಆಗಲಿಲ್ಲ. "ತಲೆ... ತಲೆ," ಎಂದಳು. ಆಂಟಿ ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಓಡಿದರು. ಹೆಂಡತಿಯನ್ನು ಎಳೆದುಕೊಂಡು ನಾನು ಹಿಂದೆ ಹೋದೆ. ಆ ಮಂಜಿನಲ್ಲಿ ಅವರು ಮಗುವಿನ ಕುಲಾವಿ ಕಿತ್ತೆಸೆದು ಅಂಗಾಲಿಗೆ ಬಡಿದರು. ಅದು ಅಳಲಿಲ್ಲ. ಮತ್ತೆ ಬಡಿದರು. ಕುತ್ತಿಗೆ ಒಂದು ಕಡೆ ವಾಲಿತು. ನನ್ನ ಕೈಯಲ್ಲಿ ತೆಂಗಿನ ತುರಿ ಇನ್ನೂ ಅಂಟಿಕೊಂಡಿತ್ತು.

ಆಮೇಲೆ ಮಗಳು ಅತ್ತಳು. ರೈಲಿನಲ್ಲಿ ಅತ್ತದ್ದಕ್ಕಿಂತ ಜೋರಾಗಿ. ಎದುರು ಬ್ಲಾಕಿನ ಕಿಟಕಿಯೊಂದು ತೆರೆಯಿತು. ಈ ಸಲ ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಅಂಕಲ್ ಆಟೋ ತಂದರು. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು. ಸಂಜೆಯ ಹೊತ್ತಿಗೆ ಡಾಕ್ಟರು ಅಪಾಯವಿಲ್ಲ ಎಂದು ಹೇಳಿ, ಚೀಟಿ ಬರೆಯುತ್ತ ನನ್ನ ಕೆಲಸವೇನೆಂದು ಕೇಳಿದರು. ಕೆಮಿಸ್ಟ್ರಿ ಎಂ.ಎಸ್ಸಿ., ಲ್ಯಾಬಿನಲ್ಲಿದ್ದೇನೆ ಎಂದೆ. ಅವರು ತಲೆಯೆತ್ತಿ ಒಮ್ಮೆ ನೋಡಿದರು, ಮತ್ತೆ ಬರೆದರು. ಇದ್ದಿಲು ಅರೆಬರೆ ಉರಿದರೆ ಯಾವ ವಿಷಾನಿಲ ಹುಟ್ಟುತ್ತದೆಂದು ಪರೀಕ್ಷೆಯಲ್ಲಿ ನಾನು ಎಷ್ಟು ಸಲ ಬರೆದಿದ್ದೆನೋ. ಒಂದು ಸಲವೂ ಅಂಕ ಹೋಗಿರಲಿಲ್ಲ.

ಮನೆಗೆ ಬಂದಾಗ ಹಿಟ್ಟು ಪಾತ್ರೆ ತುಂಬಿ ಹೊರಗೆ ಸುರಿದಿತ್ತು. ಅಷ್ಟು ಚೆನ್ನಾಗಿ ಉಬ್ಬಿದ ಹಿಟ್ಟನ್ನು ನಾನು ಊರಲ್ಲೂ ಕಂಡಿರಲಿಲ್ಲ. ಹೆಂಡತಿ ಅದನ್ನು ನೋಡಿ, "ಪಾಸಾಯ್ತಲ್ಲ ನಿಮ್ಮ ಎಕ್ಸ್‌ಪೆರಿಮೆಂಟು," ಅಂದಳು. ನಗಲಿಲ್ಲ. ಪಾತ್ರೆಯನ್ನು ಪೂರ್ತಿ ಮೋರಿಗೆ ಸುರಿದಳು.

ಆ ಕ್ವಾರ್ಟರ್ಸಿನಲ್ಲಿ ಎಂಟು ಚಳಿಗಾಲ ಕಳೆದೆವು. ಮಗಳು ಹಿಂದಿಯಲ್ಲೇ ಜಗಳವಾಡುವಷ್ಟು ದೊಡ್ಡವಳಾದಳು. "ಪಪ್ಪಾ, ಠಂಡ್ ಲಗ್ ರಹೀ ಹೈ, ಕಿಟಕಿ ಹಾಕಿ," ಎಂದು ಗೊಣಗುತ್ತಿದ್ದಳು. ಹೀಟರನ್ನೂ ಕೊಳ್ಳದೆ, ಜನವರಿಯಲ್ಲೂ ಒಂದು ಬೆರಳಷ್ಟು ಸಂದಿ ಬಿಡುತ್ತಿದ್ದೆ. ಚಳಿಗಾಲದಲ್ಲಿ ನಮ್ಮ ಮನೆಯ ಇಡ್ಲಿ ಕಲ್ಲಿನಂತಿರುತ್ತಿತ್ತು. ಆಂಟಿ ಮಾತ್ರ ಪ್ರತಿ ಭಾನುವಾರ ಬಂದು ಅದನ್ನೇ ಕಚ್ಚಿ, ಕಿಟಕಿಯ ಕಡೆ ಒಮ್ಮೆ ನೋಡಿ, "ಬಹುತ್ ಬಢಿಯಾ," ಅನ್ನುತ್ತಿದ್ದರು.