ಪಟೇಲರ ಕಾರಿಗೆ ನಾನು ಕೊಟ್ಟ ಹೊಳಪು

ಮೊನ್ನೆ ಮಂಡ್ಯದ ಪೇಟೆಬೀದಿಯಲ್ಲಿ ಹೊಸದಾಗಿ ತೆರೆದಿರುವ ಮೋಟಾರು ಸಾಮಾನಿನ ಅಂಗಡಿಗೆ ಹೋಗಿದ್ದೆ. ಹೋಗಿದ್ದೆ ಎನ್ನುವುದಕ್ಕಿಂತ ನಮ್ಮ ಡಾಕ್ಟರು ಎಳೆದುಕೊಂಡು ಹೋದರು ಎನ್ನಬೇಕು. ಯುದ್ಧ ಮುಗಿದು ಪೆಟ್ರೋಲು ಮತ್ತೆ ಕಣ್ಣಿಗೆ ಕಾಣತೊಡಗಿದ ಮೇಲೆ ಅವರೊಂದು ಹಳೆಯ ಕಾರು ಕೊಂಡಿದ್ದಾರೆ. ಅದರ ಬಣ್ಣ ಮಂಕಾಗಿದೆ. ಪಾಲಿಶು ಆರಿಸಿಕೊಡಲು ನಾನೇ ಬೇಕಂತೆ. ಅಂಗಡಿಯವನು ಡಬ್ಬಿಗಳ ಮುಚ್ಚಳ ಒಂದೊಂದಾಗಿ ತೆಗೆದ. ಮೇಣ, ಟರ್ಪೆಂಟೈನು, ಸೀಮೆಎಣ್ಣೆ ಕಲೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಾಗಿಲ ಕಡೆ ಸರಿದೆ. ಡಾಕ್ಟರು ಮಾತ್ರ ಹೆಮ್ಮೆಯಿಂದ ಹೇಳುತ್ತಿದ್ದರು: “ಮೇಷ್ಟ್ರಿಗೆ ಇದರಲ್ಲಿ ಬಲು ಅನುಭವ ಕಣಯ್ಯ. ಕಿರುಗಾವಲು ಪಟೇಲರ ಕಾರನ್ನ ಕನ್ನಡಿ ಮಾಡಿದೋರು ಇವರೇ.”

ಅನುಭವ! ಅದು ಎಂಥ ಅನುಭವವೆಂದು ನಿಮಗೂ ಹೇಳಿಬಿಡುತ್ತೇನೆ.

ಯುದ್ಧ ಶುರುವಾಗುವ ಹಿಂದಿನ ವರ್ಷ ನಾನು ಮದ್ದೂರಿನಲ್ಲಿ ಮೇಷ್ಟ್ರಾಗಿದ್ದೆ. ಸೈಕಲ್ಲು ತುಳಿಯಲೂ ಬಾರದವನು ನಾನು. ಆದರೆ ಎಲ್ಲಿಂದಲೋ ಕೈಗೆ ಸಿಕ್ಕಿದ್ದ ಇಂಗ್ಲಿಷಿನ ಮೋಟಾರು ಪತ್ರಿಕೆಗಳ ಒಂದು ಕಟ್ಟನ್ನು ಓದಿ ಓದಿ ಕಾರಿನ ವಿಷಯದಲ್ಲಿ ಮಹಾಪಂಡಿತನಾಗಿದ್ದೆ. ಪಂಡಿತನಿಗೆ ಒಬ್ಬ ಶಿಷ್ಯ ಬೇಕಲ್ಲ, ಕಿರುಗಾವಲಿನ ಪಟೇಲರು ಸಿಕ್ಕರು. ಅವರ ಹತ್ತಿರ ಕಪ್ಪು ಬಣ್ಣದ ಕಾರೊಂದಿತ್ತು. ಕಾರಿನಲ್ಲಿ ಕೂರುವುದಕ್ಕಿಂತ ಅದರ ಪಕ್ಕದಲ್ಲಿ ನಿಲ್ಲುವುದೆಂದರೆ ಅವರಿಗೆ ಪ್ರಾಣ. ದಾರಿಹೋಕರು ನೋಡುವವರೆಗೂ ನಿಂತಿರುತ್ತಿದ್ದರು. ಯಾರೂ ಬಾರದಿದ್ದರೆ ಆಳನ್ನು ಕರೆದು ನೋಡಲು ಹೇಳುತ್ತಿದ್ದರು. ನಾನು ಈ ಮನುಷ್ಯನನ್ನು ಒಳಗೊಳಗೇ ಹಾಸ್ಯ ಮಾಡುತ್ತಿದ್ದೆ. ಭಾನುವಾರ ಬಸ್ಸು ಹತ್ತಿ ಹೋಗಿ ಅವರ ಮನೆಯ ಕಾಫಿ ಕುಡಿಯುವುದನ್ನು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ.

ಪಟೇಲರ ಮಗಳನ್ನು ನೋಡಲು ಬೆಂಗಳೂರಿನಿಂದ ಗಂಡಿನವರು ಬರುವುದು ಗೊತ್ತಾಯಿತು. ರೈಲಿನಲ್ಲಿ ಮದ್ದೂರಿಗೆ ಬಂದಿಳಿಯುವ ಅವರನ್ನು ಕಾರಿನಲ್ಲಿ ಕರೆತರಬೇಕು. ಕಾರು ಮುಖ ಕಾಣುವಂತೆ ಹೊಳೆಯಬೇಕು. ಆ ಕೆಲಸಕ್ಕೆ ಮಂಡ್ಯದ ಪಕ್ಕದ ಗುತ್ತಲಿನ ಬುಡನ್ ಸಾಬರನ್ನು ಕರೆಸಿದರು. ಜಟಕಾ, ಸಾರೋಟುಗಳಿಗೆ ಬಣ್ಣ ಹೊಡೆಯುತ್ತಿದ್ದ ಸಾಬರು ಕಾಲ ಬದಲಾದ ಹಾಗೆ ಕಾರುಗಳಿಗೆ ಕೈ ಹಾಕಿದ್ದರು. ಮಳವಳ್ಳಿ, ಹಲಗೂರಿನ ಕಡೆ ಇದ್ದ ಬೆರಳೆಣಿಕೆಯ ಕಾರುಗಳೆಲ್ಲ ಅವರ ಕೈಯಲ್ಲೇ ಹೊಳೆದವು.

ಅವರ ಕೆಲಸದ ರೀತಿಯನ್ನು ನೀವು ನೋಡಬೇಕಿತ್ತು. ಉಜ್ಜುವ ಮಸಾಲೆಯನ್ನು ತಾವೇ ಮಾಡುತ್ತಿದ್ದರು. ಇಟ್ಟಿಗೆ ಪುಡಿಯನ್ನು ನೀರಿಗೆ ಹಾಕಿ ಕಲಕಿ, ಒರಟೆಲ್ಲ ತಳಕ್ಕೆ ಹೋದ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಮಡಕೆಗೆ ಬಸಿದು, ಅದು ತಿಳಿಯಾದಾಗ ಕೆಳಗೆ ಕೂತ ಕೆಸರನ್ನು ಒಣಗಿಸಿಡುವರು. ಸೀಮೆಸುಣ್ಣಕ್ಕೂ ಅದೇ ಉಪಚಾರ. ಮೊದಲ ಸಲ ಉಜ್ಜಲು ಇಟ್ಟಿಗೆ, ಕೊನೆಯ ಸಲಕ್ಕೆ ಸುಣ್ಣ. ಎಣ್ಣೆಯಲ್ಲಿ ಕಲಸಿದ ಮೇಲೆ ಒಂದು ಚಿಟಿಕೆಯನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಡಿದು ನೋಡುವರು. ಹಲ್ಲಿಗೆ ಕರಕರ ಅಂದರೆ ಆ ಮಸಾಲೆ ಚರಂಡಿಗೆ. ಬಟ್ಟೆಯೂ ಅಷ್ಟೇ, ಹತ್ತು ವರ್ಷ ಒಗೆಸಿಕೊಂಡ ಪಂಚೆಯೇ ಆಗಬೇಕು, ಅಂಚು ಹರಿದು ತೆಗೆದಿರಬೇಕು. ಹೊಸ ಬಟ್ಟೆ ಬಣ್ಣವನ್ನು ಗೀರುತ್ತದೆ ಎನ್ನುವರು.

ಇದನ್ನೆಲ್ಲ ನೋಡಿ ನನಗೆ ನಗು ಬಂತು. ಇಂಗ್ಲಿಷು ಓದಿದವನಿಗೆ ಹಲ್ಲಿನ ಪರೀಕ್ಷೆ ಹೇಗೆ ರುಚಿಸೀತು? ನಾನು ಪಟೇಲರ ತಲೆ ಕೆಡಿಸಿ, ಬೆಂಗಳೂರಿನಿಂದ ಪಾಲಿಶು ಉಜ್ಜುವ ಒಂದು ಕರೆಂಟಿನ ಮಿಷನ್ನು ತರಿಸಿದೆ. ತುದಿಯಲ್ಲಿ ಗರಗರ ತಿರುಗುವ ಬಿಲ್ಲೆ, ಬಿಲ್ಲೆಗೊಂದು ಉಣ್ಣೆಯ ಟೊಪ್ಪಿ. ಕರೆಂಟು ಇದ್ದದ್ದು ಮಳವಳ್ಳಿಯಲ್ಲಿದ್ದ ಪಟೇಲರ ಅಕ್ಕಿ ಗಿರಣಿಯಲ್ಲಿ. ಹಾಗಾಗಿ ತೌಡು, ಹೊಟ್ಟು ಹಾರಾಡುವ ಆ ಅಂಗಳವನ್ನೇ ಕಾರಿನ ಸೌಂದರ್ಯಸಾಧನೆಗೆ ಆರಿಸಿದೆ. ನನ್ನ ಬುದ್ಧಿಯ ಅಳತೆ ನಿಮಗೆ ಇಷ್ಟರಲ್ಲೇ ಸಿಕ್ಕಿರಬೇಕು.

ಸಾಬರು ಬಾನೆಟ್ಟಿಗೆ ಸುಣ್ಣದ ಮಸಾಲೆ ಹಚ್ಚಿ ಹಿಂದೆ ಸರಿದರು. ನಾನು ಮಿಷನ್ನು ಹಿಡಿದು ಮುಂದೆ ಬಂದೆ. ಪಟೇಲರು ಒಳಗೆ ಗುಮಾಸ್ತನ ಜೊತೆ ಮಾತಾಡುತ್ತಿದ್ದರು.

“ಅಂಚ್ನಾಗೆ ಬಣ್ಣ ತೆಳ್ಳಗದೆ ಮೇಷ್ಟ್ರೇ, ಒತ್ತಬೇಡಿ. ಒಂದೇ ತಾವ ನಿಲ್ಲಿಸ್ಬೇಡಿ, ಕಾವು ಇಡೀತದೆ,” ಎಂದರು ಸಾಬರು.

“ನನಗೆ ಗೊತ್ತು,” ಎಂದೆ.

ಏನು ಗೊತ್ತಿತ್ತು? ಮಿಷನ್ನು ಕೈಯಲ್ಲಿ ಕುಣಿಯತೊಡಗಿತು. ಅದನ್ನು ಅಡಗಿಸಲು ಮೈಭಾರವನ್ನೆಲ್ಲ ಬಿಟ್ಟು, ಸರಿಯಾಗಿ ಅಂಚಿನ ಮೇಲೆಯೇ ಒತ್ತಿ ಹಿಡಿದೆ. ಸುಟ್ಟ ವಾಸನೆ ಬಂತು. ಎತ್ತಿ ನೋಡಿದರೆ ಅಂಗೈಯಗಲ ಬಣ್ಣ ಹೋಗಿ ಬಿಳಿಯ ತಗಡು ಇಣುಕುತ್ತಿತ್ತು.

ಪಟೇಲರು ಓಡಿ ಬಂದರು. ಅವರ ಹಿಂದೆ ಗಿರಣಿಯ ಜನವೂ ಬಂತು. “ಯಾವನ್ಲಾ ಈ ಕೆಲ್ಸ ಮಾಡ್ದೋನು?”

ನಾನು ಉತ್ತರ ಹುಡುಕಬೇಕಾಗಲೇ ಇಲ್ಲ. ಅದು ಬಾಯಲ್ಲಿ ಸಿದ್ಧವಾಗಿತ್ತು. “ಮಿಷನ್ನು ಸರಿಯಾಗಿಯೇ ಇದೆ ಪಟೇಲರೇ. ಸಾಬರು ಹಚ್ಚಿದ ಮಸಾಲೆಯೇ ಒರಟು.”

ಸಾಬರು ನನ್ನನ್ನೇ ನೋಡಿದರು. ಆಮೇಲೆ ಬಟ್ಟಲಿನಿಂದ ಒಂದಿಷ್ಟು ಮಸಾಲೆಯನ್ನು ಬೆರಳಿನಲ್ಲಿ ತೆಗೆದು ನನ್ನ ಮುಂದೆ ಹಿಡಿದರು. “ಒರಟು ಅಂದ್ರಲ್ಲ. ಬಾಯ್ನಾಗೆ ಇಟ್ಕಂಡು ಕಡ್ದು ನೋಡಿ ಎಲ್ಲರ ಮುಂದೆ ಏಳ್ಬುಡಿ.”

“ಶಿವ ಶಿವಾ, ಮಡಿ ಹೋಗುತ್ತಲ್ಲಯ್ಯ!” ಎಂದು ಎರಡು ಹೆಜ್ಜೆ ಹಿಂದೆ ಹಾರಿದೆ. ಜನ ಗೊಳ್ಳೆಂದು ನಕ್ಕರು. ದಿನಾ ಬೆಳಿಗ್ಗೆ ಮದ್ದೂರು ಸ್ಟೇಷನ್ನಿನಲ್ಲಿ ಯಾರೋ ಕರಿದ ವಡೆಯನ್ನು ನಿಂತೇ ತಿನ್ನುವವನ ಮಡಿ ಅದು. ಆ ನಗುವಿನಲ್ಲಿ ತಪ್ಪು ಸಾಬರದೆಂದು ತೀರ್ಪೂ ಆಗಿಹೋಯಿತು.

ಸಾಬರು ಜಗಳ ಕಾಯಲಿಲ್ಲ. ಎರಡು ದಿನ ಅಲ್ಲೇ ಇದ್ದು, ಕಾರನ್ನು ಗಿರಣಿಯ ಹಿಂದಿನ ಕೋಣೆಗೆ ತಳ್ಳಿಸಿ, ಸುಟ್ಟ ಜಾಗಕ್ಕೆ ಪದರ ಪದರವಾಗಿ ಬಣ್ಣ ಕೊಟ್ಟು, ಹಳೆ ಪಂಚೆಯಲ್ಲಿ ಉಜ್ಜಿ, ಕೊನೆಗೆ ಬರಿಯ ಅಂಗೈಯಲ್ಲಿ ತಿಕ್ಕಿದರು. ಗಂಡಿನವರು ಬಾನೆಟ್ಟಿನಲ್ಲಿ ಮೀಸೆ ತಿದ್ದಿಕೊಂಡರು. ಆ ಎರಡು ದಿನ ಗಿರಣಿಯ ಕಡೆ ಬಾರದಿದ್ದ ಪಟೇಲರು ಮಿಷನ್ನಿನದೇ ಕೆಲಸವೆಂದುಕೊಂಡು ನನ್ನ ಬೆನ್ನು ತಟ್ಟಿ, “ಸಾಬಿ ಕೆಡಿಸಿದ್ನ ನಮ್ಮ ಮೇಷ್ಟ್ರು ಮಿಷನ್ನಾಗೆ ಸರಿ ಮಾಡಿದ್ರು,” ಎಂದು ಹೋದಲ್ಲೆಲ್ಲ ಸಾರಿದರು. ಅಲ್ಲ ಎನ್ನಲು ನನಗೆ ಒಂದು ಶಬ್ದ ಸಾಕಿತ್ತು. ಆ ಶಬ್ದ ಹೊರಡಲಿಲ್ಲ. ಅಲ್ಲಿಂದಾಚೆ ಆ ಸೀಮೆಯ ಒಂದು ಕಾರೂ ಸಾಬರ ಮನೆಯ ಮುಂದೆ ನಿಲ್ಲಲಿಲ್ಲ. ನನಗೋ, ಪಾಲಿಶು ಪಂಡಿತನೆಂಬ ಬಿರುದು ಬಂತು. ಒಂಬತ್ತು ವರ್ಷ ಅದನ್ನು ನಾಚಿಕೆಯಿಲ್ಲದೆ ಹೊತ್ತು ತಿರುಗಿದೆ.

ಮೊನ್ನೆ ಮಂಡ್ಯದ ಆ ಅಂಗಡಿಯವನು, “ಯಾವ್ದು ಕೊಡ್ಲಿ ಸಾಮಿ?” ಎಂದು ನನ್ನ ಕಡೆಗೇ ಡಬ್ಬಿ ಚಾಚಿದ. ಇನ್ನೊಂದು ಕಾರು ನನ್ನ ಕೈಗೆ ಬೀಳುವುದರಲ್ಲಿತ್ತು. ಡಾಕ್ಟರನ್ನು ಹೊರಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಕೂರಿಸಿಕೊಂಡು ಕಾರನ್ನು ನೇರವಾಗಿ ಗುತ್ತಲಿಗೆ ತಿರುಗಿಸಿದರು.

ಬುಡನ್ ಸಾಬರು ಮನೆಯ ಮುಂದೆ ಕೂತು ತಗಡಿನ ಟ್ರಂಕಿನ ಮೇಲೆ ಹೂವು ಬರೆಯುತ್ತಿದ್ದರು. ಸಾರೋಟಿಗೆ ಬಣ್ಣ ಹೊಡೆದ ಕೈ, ಮದುವೆ ಟ್ರಂಕಿಗೆ ಗುಲಾಬಿ ಬರೆಯುತ್ತಿತ್ತು. ನಾನು ಡಾಕ್ಟರ ಎದುರಿನಲ್ಲೇ ತಪ್ಪೊಪ್ಪಿಕೊಂಡೆ. ಕಣ್ಣಲ್ಲಿ ನೀರೂ ಬಂತು. ನನ್ನ ದೊಡ್ಡತನಕ್ಕೆ ನಾನೇ ಕರಗಿದ್ದೆನೆಂದು ಕಾಣುತ್ತದೆ.

ಸಾಬರು ಒಂದು ಎಸಳು ಮುಗಿಸಿ ತಲೆಯೆತ್ತಿದರು. “ನಂಗ್ಯಾಕೆ ಏಳ್ತೀರಿ ಮೇಷ್ಟ್ರೇ? ನಾನು ಅಲ್ಲೇ ಇದ್ನಲ್ಲ. ಪಟೇಲ್ರಿಗೆ ಏಳಿದ್ದೀರಾ?”

ನಾನು ಟ್ರಂಕಿನ ಗುಲಾಬಿಯನ್ನು ನೋಡತೊಡಗಿದೆ.

“ಡಾಕ್ಟ್ರೇ, ಕಾರು ಇಲ್ಲೇ ಬುಡಿ, ಮಾಡ್ಕೊಡ್ತೀನಿ. ಇವ್ರನ್ನ ಕಿರುಗಾವಲು ಬಸ್ಸು ಅತ್ತಿಸ್ಬುಡಿ.”

ಡಾಕ್ಟರು ನಿಜವಾಗಿಯೂ ಹತ್ತಿಸಿದರು. ಬಸ್ಸು ಹೊರಡುವವರೆಗೆ ಕದಲಲೂ ಇಲ್ಲ. ಪಟೇಲರ ಜಗಲಿಯಲ್ಲಿ ಆರೇಳು ಜನ ಕೂತಿದ್ದರು. “ಬನ್ನಿ ಮೇಷ್ಟ್ರೇ, ಬನ್ನಿ,” ಎಂದು ಪಟೇಲರು ಒಳಗೆ ಕಾಫಿಗೆ ಕೂಗಿ ಹೇಳಿದರು. ನನ್ನ ಯೋಗ್ಯತೆ ನನಗೆ ಗೊತ್ತು, ಕಾಫಿ ಬಂದ ಮೇಲೆ ನನ್ನ ಬಾಯಿ ಬೇರೆಯದನ್ನೇ ಹೇಳೀತು. ಚಪ್ಪಲಿ ಬಿಡುವ ಮೊದಲೇ, ನಿಂತಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟೆ.

ಆವತ್ತು ಕಾಫಿ ಬರಲಿಲ್ಲ.