ನಾಲ್ಕನೇ ಜ್ವರ

ಇವತ್ತು ಗಾರ್ಮೆಂಟ್ಸಲ್ಲಿ ಮಿಷನ್ ಮುಂದೇನೇ ತೂಕಡಿಸಿ ಕಾಲರ್ ಉಲ್ಟಾ ಹೊಲಿದುಬುಟ್ಟೆ ಕಣ್ರಪ್ಪ. ಸೂಪರ್‌ವೈಸರ್ ಬಂದು, "ಏನಮ್ಮ, ರಾತ್ರಿ ನಿದ್ದೆ ಮಾಡಲ್ವಾ?" ಅಂದ್ರು.

"ಮನೇಲಿ ನಾಲ್ಕನೇ ಜ್ವರ ಆಗೈತೆ ಸಾರ್, ನಿದ್ದೆ ಎಲ್ಲಿ ಬತ್ತದೆ" ಅಂದೆ.

ರೇಷ್ಮೆ ಸಾಕೋರಿಗೆ ಗೊತ್ತು. ಹುಳ ಮೇವು ಬಿಟ್ಟು ನಿದ್ದೆ ಹೋಗೋದನ್ನ ನಾವು ಜ್ವರ ಅಂತೀವಿ. ಆಗ ಅವನ್ನ ಯಾರೂ ಮುಟ್ಟಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಮಾತ್ರ ಹಗಲೂ ರಾತ್ರಿ ಸೊಪ್ಪು ಹಾಕ್ತಾನೇ ಇರಬೇಕು.

ಸೂಪರ್‌ವೈಸರ್ ಬೇರೆ ಸೀಮೆಯೋರು. "ಅಯ್ಯೋ, ನಾಲ್ಕನೆಯವರಿಗೂ ಬಂತಾ? ಮೊದಲೇ ಹೇಳಬಾರದಾ?" ಅಂತ ಮಧ್ಯಾಹ್ನಕ್ಕೇ ಮನೆಗೆ ಕಳಿಸಿದರು. ಪಕ್ಕದ ಮಿಷನ್ನಿನ ಗೌರಕ್ಕನದು ಹೊಂಗನೂರು, ಅವಳ ಮನೇಲೂ ಹುಳ ಐತೆ. ನಗು ತಡೆಯೋಕೆ ಸೆರಗು ಕಚ್ಚಿಕೊಂಡಳು. ನಾನು ಬ್ಯಾಗ್ ಎತ್ತಿಕೊಂಡು ಹೊರಟೆ. ಮನೆಗೆ ಹೋಗಿ ಒಸಿ ಮಲಗೋಣ ಅನ್ನೋದು ಬಿಟ್ಟರೆ ಬಸ್ಸಲ್ಲಿ ಬೇರೆ ಯೋಚನೆ ಇರಲಿಲ್ಲ.

ಬಾಗಿಲಲ್ಲೇ ಅತ್ತೆ, "ಬಂದ್ಯಾ? ಒಳ್ಳೇದಾಯ್ತು ಕಣವ್ವ. ಸೊಪ್ಪು ಮುಗ್ದೋಗೈತೆ, ಕುಯ್ಕಂಡು ಬಾ" ಅಂದ್ರು. ಅವರ ಕಣ್ಣೂ ಕೆಂಪಗಿದ್ವು. ಇಲ್ಲ ಅನ್ನೋಕೆ ಆಗಲಿಲ್ಲ.

ತೋಟದಲ್ಲಿದ್ದಾಗ ಸೂಪರ್‌ವೈಸರ್ ಫೋನ್ ಮಾಡಿದರು. "ಹೇಗಿದ್ದಾರಮ್ಮ? ಏನಾದ್ರೂ ತಿಂದ್ರಾ?"

"ತಿಂತಾನೇ ಅವ್ರೆ ಸಾರ್."

"ಸದ್ಯ. ನಿಮಗೇನೂ ಜ್ವರ ಬಂದಿಲ್ಲ ತಾನೆ? ನಾಳೆ ಬೇಗ ಬನ್ನಿ, ಇವತ್ತಿನ ಪೀಸ್ ಬಾಕಿ ಇವೆ."

ಬಂದಿಲ್ಲ ಸಾರ್ ಅಂದೆ. ಹುಳಕ್ಕೆ ನಾಲ್ಕು ಸಲ ಬರೋ ಜ್ವರ, ನನಗೆ ಮದುವೆ ಆದಾಗಿಂದ ಒಂದು ಸಲಾನೂ ಬಂದಿಲ್ಲ.