ಪರದೆಯ ಮೇಲಿನ ಇನ್ನೂರ ಹತ್ತು

ನಿಂಗಣ್ಣ ಮಾವನ ಬಲಗೈಯ ಎರಡು ಬೆರಳು ಸುಟ್ಟದ್ದು ನನ್ನ ತಪ್ಪಿನಿಂದ. ಅವನ ತಪ್ಪಿನಿಂದ ಎಂದು ನಾನೇ ಹೇಳಿದ್ದೆ, ಎಲ್ಲರೂ ನಂಬಿದರು. ಕಡೆಗೆ ಅವನೂ ನಂಬಿದ — ನಾಲ್ಕು ವರ್ಷಗಳಿಂದ ನನ್ನನ್ನು ತಿನ್ನುತ್ತಿರುವುದು ಅದೇ. ಅವ್ವನಿಗೂ ನಿಜ ಹೇಳಿಲ್ಲ. ಅವನು ಅವ್ವನ ಒಡಹುಟ್ಟಿದ ತಮ್ಮ, ಅವಳಿಗೆ ಯಾವ ಬಾಯಿಂದ ಹೇಳಲಿ?

ಆಗ ನಾನು ಪಾಂಡವಪುರದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಅಲ್ಲಿ ಮೂರು ತ್ರೀಡಿ ಪ್ರಿಂಟರುಗಳಿದ್ದವು. ಪ್ಲಾಸ್ಟಿಕ್ ತಂತಿಯನ್ನು ಕಾಯಿಸಿ, ಸೂಜಿಮೊನೆಯಂಥ ಮೂತಿಯಿಂದ ಎಳೆ ಎಳೆಯಾಗಿ ಬಿಟ್ಟು ಗೊಂಬೆ ಕಟ್ಟುವ ಯಂತ್ರಗಳು. ನಾವು ಮಾಡಿದ ಪುಟ್ಟ ಗೋಪುರಗಳು, ಆನೆಗಳು ಶ್ರೀರಂಗಪಟ್ಟಣದ ಅಂಗಡಿಗಳಿಗೆ ಹೋಗುತ್ತಿದ್ದವು. ಯಂತ್ರಗಳ ಉಸ್ತುವಾರಿ ನನ್ನದು. ಕಂಪ್ಯೂಟರ್ ಬಲ್ಲವನು ಎಂಬ ಜಂಭವೂ ನನ್ನದೇ.

ಮಾವ ಚಿನಕುರಳಿಯವನು. ಮೂವತ್ತು ವರ್ಷ ಆಲೆಮನೆಯಲ್ಲಿ ಪಾಕ ನೋಡಿದವನು. ಕುದಿಯುವ ಕಬ್ಬಿನ ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಿ ನೋಡಿ ಅವನು "ಇಳ್ಸ್ರಲಾ" ಅಂದರೆ ಮುಗಿಯಿತು, ಕೊಪ್ಪರಿಗೆ ಒಲೆಯಿಂದ ಇಳಿಯಲೇಬೇಕು. ಆ ಮಾತಿಗೆ ಗಾಣದ ಯಜಮಾನನೂ ಎದುರಾಡುತ್ತಿರಲಿಲ್ಲ. ಆ ಆಲೆಮನೆ ಮುಚ್ಚಿದಾಗ, "ಬಾ ಮಾವ, ನಮ್ಮಲ್ಲೂ ಕಾಯಿಸೋ ಕೆಲಸವೇ" ಎಂದು ತಮಾಷೆ ಮಾಡಿ ಕರೆತಂದವನು ನಾನು. ಗೊಂಬೆಗಳ ಅಂಚು ಕೆರೆಯುವುದು, ಯಂತ್ರ ಒರೆಸುವುದು ಅವನ ಕೆಲಸ.

ಒಂದು ದಿನ ಒಂದು ಪ್ರಿಂಟರಿನ ಸೆನ್ಸರು ಕೆಟ್ಟಿತು. ಮೂತಿ ಎಷ್ಟು ಕಾದಿದೆ ಎಂದು ಯಂತ್ರಕ್ಕೆ ತಿಳಿಸುವ ಎಳ್ಳುಕಾಳಿನಷ್ಟು ಮಣಿ ಅದು. ಡಬ್ಬಿಯಲ್ಲಿ ಬೇರೆ ಜಾತಿಯದೊಂದಿತ್ತು, ಹಾಕಿದೆ. ಸೆನ್ಸರು ಬದಲಾದರೆ ಯಂತ್ರವನ್ನು ಒಳಗಿಂದ ನಡೆಸುವ ತಂತ್ರಾಂಶ ಫರ್ಮ್‌ವೇರಿಗೆ ಅದರ ಜಾತಿಯನ್ನೂ ಹೇಳಬೇಕು. ಅಲ್ಲೊಂದು ಪಟ್ಟಿ ಇರುತ್ತದೆ, ಒಂದೊಂದು ಜಾತಿಗೆ ಒಂದೊಂದು ಸಂಖ್ಯೆ. ಹೊಸ ಮಣಿಯ ಸಂಖ್ಯೆ ಯಾವುದು ಎಂದು ಹುಡುಕಬೇಕಿತ್ತು. ಹುಡುಕಲಿಲ್ಲ. ಗೊಂಬೆ ಕೇಳಿ ಅಂಗಡಿಯವರು ಫೋನಿನ ಮೇಲೆ ಫೋನು ಮಾಡುತ್ತಿದ್ದರು — ಇಲ್ಲ, ಅದು ನೆಪ. ಹುಡುಕಲು ಹತ್ತು ನಿಮಿಷ ಸಾಕಿತ್ತು. ಪಟ್ಟಿಯ ಮೊದಲ ಸಂಖ್ಯೆಯನ್ನೇ ಒತ್ತಿದೆ. ತಣ್ಣಗಿದ್ದ ಯಂತ್ರ ಕೋಣೆಯ ಶಾಖವನ್ನು ಸರಿಯಾಗಿಯೇ ತೋರಿಸಿತು. ಸಾಕು ಅಂದುಕೊಂಡೆ. ಆ ಮಣಿಗಳು ತಣ್ಣಗಿರುವಾಗ ಒಂದೇ ಲೆಕ್ಕ ಹೇಳುತ್ತವೆ, ಕಾದಷ್ಟೂ ಬೇರೆಯಾಗುತ್ತವೆ ಎಂಬುದನ್ನು ನಾನು ಕಲಿತದ್ದು ಆಮೇಲೆ.

ಪರದೆಯಲ್ಲಿ ಇನ್ನೂರ ಹತ್ತು ಡಿಗ್ರಿ, ಆ ಪ್ಲಾಸ್ಟಿಕ್ಕಿಗೆ ಬೇಕಾದಷ್ಟೇ. ನಿಜವಾದ ಶಾಖ ಅದಕ್ಕಿಂತ ಬಹಳ ಮೇಲಿತ್ತು.

ಅದನ್ನು ಮೊದಲು ಹಿಡಿದವನು ಮಾವ. ಎರಡನೆಯ ದಿನ ಯಂತ್ರದ ಮುಂದೆ ನಿಂತು ಮೂಗರಳಿಸಿದ. "ಲೇ ಮಾದೇಸ, ಇದು ಸೀದ ವಾಸ್ನೆ ಕಣ್ಲಾ. ಎಳೆ ನೋಡು ಎಂಗೆ ಸೋರ್ತದೆ. ಹದ ಮೀರ್ಬುಟ್ಟೈತೆ."

ನಾನು ನಕ್ಕೆ. "ಇದು ನಿನ್ ಆಲೆಮನೆ ಅಲ್ಲ ಕಣ್ ಮಾವ. ಅಲ್ ನೋಡು, ಬರ್ದೈತಲ್ಲ ಇನ್ನೂರ ಹತ್ತು ಅಂತ."

"ಬರ್ದಿರ್ಬೈದು ಕಣ್ಲಾ. ನಂಗ್ಯಾಕೋ ಅಂಗನ್ಸಾಕಿಲ್ಲ" ಎಂದು ಗೊಣಗಿ ಗೊಂಬೆಗಳ ಅಂಚು ಕೆರೆಯಲು ಕೂತ. ಅಕ್ಕನ ಓದಿದ ಮಗನ ಎದುರು ಅವನು ಯಾವತ್ತೂ ದನಿ ಏರಿಸಿದವನಲ್ಲ.

ಮರುದಿನ ಮಧ್ಯಾಹ್ನ ಮೂತಿ ಕಟ್ಟಿಕೊಂಡಿತು. ಒಳಗಿನ ಪ್ಲಾಸ್ಟಿಕ್ ಕರಕಲಾಗಿತ್ತು. ಆಗಲಾದರೂ ನಿಲ್ಲಿಸಿ ಯೋಚಿಸಬಹುದಿತ್ತು — ನಾನು ಮೇಲಿನಿಂದ ತಂತಿ ಒತ್ತಿದೆ, ಕೆಳಗೆ ಬಟ್ಟೆ ಹಿಡಿ ಎಂದು ಮಾವನಿಗೆ ಹೇಳಿದೆ. ಅವನು ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಬಟ್ಟೆ ಹಿಡಿದ. ನಾನು ಜೋರಾಗಿ ಒತ್ತಿದೆ. ಕಟ್ಟಿದ್ದು ಒಮ್ಮೆಗೇ ಬಿಟ್ಟುಕೊಂಡು, ಕುದಿಯುವ ಪ್ಲಾಸ್ಟಿಕ್ ಬಟ್ಟೆಯನ್ನು ದಾಟಿ ಅವನ ಹೆಬ್ಬೆರಳು, ತೋರುಬೆರಳಿಗೆ ಅಂಟಿಕೊಂಡಿತು. ನೀರಾದರೆ ಜಾರಿ ಹೋಗುತ್ತಿತ್ತು. ಅದು ಅಲ್ಲೇ ಕಚ್ಚಿಕೊಂಡು ಕೂತಿತು.

ಜೊತೆಯವರು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಮಿಷಿನ್ ಆಫ್ ಮಾಡಿ ಬರ್ತೀನಿ ಎಂದು ನಾನು ಹಿಂದುಳಿದೆ. ಹೌದು, ಹಿಂದುಳಿದೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ಹೊಳೆದಿತ್ತು. ಲ್ಯಾಪ್‌ಟಾಪ್ ತೆರೆದು ಆ ಮಣಿಯ ಸರಿಯಾದ ಸಂಖ್ಯೆ ಹುಡುಕಿ ಹಾಕಿದೆ. ಈ ಸಲ ಹತ್ತು ನಿಮಿಷವೂ ಹಿಡಿಯಲಿಲ್ಲ. ಆಟೋ ತಿರುವು ದಾಟುವ ತನಕ ಕೇಳುತ್ತಿದ್ದ ಅವನ ನರಳಾಟ ಕಿವಿಯಲ್ಲಿರುವಾಗಲೇ ನನ್ನ ಕೈ ಒಂದಿಷ್ಟೂ ನಡುಗದೆ ಆ ಕೆಲಸ ಮಾಡಿತು. ಇವತ್ತಿಗೂ ನನ್ನ ಈ ಕೈ ಕಂಡರೆ ನನಗೆ ಹೇಸಿಗೆ.

ಮೂರು ದಿನ ಕಳೆದು ಮಾಲೀಕರು ಬಂದರು. ಮಾವನೂ ಕೈಗೆ ಪಟ್ಟಿ ಸುತ್ತಿಕೊಂಡು ಬಂದು ಬಾಗಿಲ ಬಳಿ ನಿಂತಿದ್ದ. ಮಾಲೀಕರು ತಮ್ಮ ಶಾಖಮಾಪಕ ಹಿಡಿದು ನೋಡಿದರು. ಪರದೆಯಲ್ಲಿ ಇನ್ನೂರ ಹತ್ತು, ಮಾಪಕದಲ್ಲೂ ಹೆಚ್ಚುಕಡಿಮೆ ಅಷ್ಟೇ. "ಶಾಖ ಸರಿಯಾಗೇ ಇದೆಯಲ್ಲ. ಮತ್ತೆ ಹೇಗಾಯ್ತು?" ಎಂದು ನನ್ನತ್ತ ತಿರುಗಿದರು.

"ಮಾವನಿಗೆ ವಯಸ್ಸಾಯ್ತು ಸಾರ್" ಅಂದೆ. "ಹದ ಗೊತ್ತಾಗಲ್ಲ."

ಬೇರೆ ಏನನ್ನಾದರೂ ಹೇಳಬಹುದಿತ್ತು. ಕೈ ಜಾರಿತು ಅನ್ನಬಹುದಿತ್ತು, ಬಟ್ಟೆ ತೆಳುವಾಗಿತ್ತು ಅನ್ನಬಹುದಿತ್ತು. ಮೂವತ್ತು ವರ್ಷ ಹದ ಹೇಳಿದವನ ಬಗ್ಗೆ ಆ ಮಾತೇ ನನ್ನ ಬಾಯಿಗೆ ಯಾಕೆ ಬಂತು? ಅವನು ಸರಿಯಾಗಿ ಹೇಳಿದ್ದನಲ್ಲ, ಅದಕ್ಕೇ ಇರಬೇಕು.

ಮಾವ ಪರದೆಯನ್ನೂ ಮಾಪಕವನ್ನೂ ಬಹಳ ಹೊತ್ತು ನೋಡಿದ. "ಅಂಗಾರೆ ನಂದೇ ತಪ್ಪು ಬುಡಿ ಸಾ" ಅಂದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ.

ಆ ವರ್ಷವೇ ನಾನು ಪಾಂಡವಪುರ ಬಿಟ್ಟೆ. ಈಗ ನಾಗಮಂಗಲದಲ್ಲಿ ಇಂಥವೇ ಯಂತ್ರ ರಿಪೇರಿ ಮಾಡುತ್ತೇನೆ. ಯಾವ ಪರದೆಯಲ್ಲಿ ಇನ್ನೂರ ಹತ್ತು ಕಂಡರೂ ಸೀದ ವಾಸನೆ ಬರುತ್ತದೆ. ಮೂರು ಮೂರು ಸಲ ಅಳೆಯುತ್ತೇನೆ. ಶಾಖ ಸರಿಯಿರುತ್ತದೆ, ವಾಸನೆ ಹೋಗುವುದಿಲ್ಲ. ಕೆ.ಆರ್. ಪೇಟೆ ಕಡೆ ಹೋಗುವಾಗ ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ಬಸ್ಸಿನ ಕಿಟಕಿ ಎಳೆದು ಮುಚ್ಚಿಬಿಡುತ್ತೇನೆ. ಪಕ್ಕದಲ್ಲಿ ಕೂತವರು ಸೆಕೆ ಎಂದು ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಹೋದ ವಾರ ಚಿನಕುರಳಿಗೆ ಹೋಗಿದ್ದೆ. ಅತ್ತೆ ಕಾಫಿ ಕೊಟ್ಟು ಹೇಳಿದಳು: "ಮುಚ್ಚಿದ್ ಆಲೆಮನೇನ ಯಾರೋ ತಿರ್ಗ ಸುರು ಮಾಡ್ತಾವ್ರಂತೆ ಕಣಪ್ಪ. ಪಾಕ ನೋಡಾಕೆ ಬನ್ನಿ ಅಂತ ಮನೆಗಂಟ ಬಂದಿದ್ರು. ನಿಮ್ಮಾವ ಬರಾಕಿಲ್ಲ ಅಂದ್ಬುಟ್ರು."

ಮಾವ ಜಗಲಿಯ ಮೇಲೆ ಕೂತು ಆ ಎರಡು ಬೆರಳನ್ನು ಒಂದಕ್ಕೊಂದು ಉಜ್ಜುತ್ತಿದ್ದ. ಗಾಯ ಎಂದೋ ಮಾಯ್ದಿದೆ, ಸ್ಪರ್ಶ ಮಾತ್ರ ಬಂದಿಲ್ಲ.

"ಎಡಗೈಲಿ ನೋಡ್ಬೈದಲ್ಲ ಮಾವ?" ಅಂದೆ.

"ಬೆರಳಿಂದೇನಲ್ಲ ಕಣ್ಲಾ ಮಾದೇಸ. ಎಡಗೈಲೂ ನೋಡ್ಬೈದು. ಅವತ್ತು ಹದ ಮೀರೈತೆ ಅಂತ ನನ್ ಮೂಗು, ಕಣ್ಣು ಎಲ್ಲಾ ಹೇಳ್ದೋ. ನೋಡುದ್ರೆ ಎಲ್ಲಾ ಸರಿಯಾಗಿತ್ತಲ್ಲ. ಇನ್ನೊಬ್ರ ಕೊಪ್ಪರಿಗೆ ಮುಂದೆ ಯಾವ್ ಧೈರ್ಯದ ಮ್ಯಾಲೆ ನಿಂತ್ಕಳ್ಳಿ, ಹೇಳು?"

ಆಗಲೇ ಹೇಳಬೇಕಿತ್ತು. ಕಾಫಿ ಲೋಟ ಕೆಳಗಿಟ್ಟು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಬೆರಳಿನ ಸ್ಪರ್ಶವನ್ನು ನಾನು ಹಿಂದಿರುಗಿಸಲಾರೆ. ಆದರೆ ಕಿತ್ತುಕೊಂಡದ್ದು ಅದೊಂದೇ ಅಲ್ಲ. ಆಲೆಮನೆಯವರಿಗೆ ಪಾಕ ನೋಡುವವರು ಇನ್ನೂ ಸಿಕ್ಕಿಲ್ಲವಂತೆ. ನಾಳೆ ಬೆಳಗ್ಗೆ ಮತ್ತೆ ಚಿನಕುರಳಿಗೆ ಹೋಗುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳುವ ಯೋಗ್ಯತೆ ನನಗಿಲ್ಲ. ಅವನು ಉಗಿಯಲಿ, ಅತ್ತೆ ಶಾಪ ಹಾಕಲಿ, ಅವ್ವ ಬಾಗಿಲು ಮುಚ್ಚಲಿ. ಕಾಫಿ ಮುಟ್ಟುವ ಮೊದಲೇ, ಅವನ ಮುಖ ನೋಡಿ ಹೇಳಬೇಕು — ಅವತ್ತು ಹದ ಮೀರಿತ್ತು ಕಣ್ ಮಾವ, ನೀನು ಹೇಳಿದ್ದೇ ನಿಜ, ಮಾಲೀಕರು ಕೇಳಿದಾಗ ನನಗೆ ಅದು ಗೊತ್ತಿತ್ತು.